ಉಚ್ಚೆಂಗಪ್ಪನವರ ಕಾರಿನ ಗಾಳಿ
ನಿಟ್ಟುವಳ್ಳಿಯ ಉಚ್ಚೆಂಗಪ್ಪನವರನ್ನು ಭಾನುವಾರ ಬೆಳಿಗ್ಗೆ ಕಾಣಬೇಕೆಂದರೆ ಕಾಲಷ್ಟೇ ಕಂಡೀತು, ಮಿಕ್ಕ ಉಚ್ಚೆಂಗಪ್ಪನವರು ಅಂಗಳದ ಹಳೆಯ ಕಾರಿನಡಿ ಇರುತ್ತಾರೆ. ಕ್ಲಚ್ಚಿನ ಎಣ್ಣೆಯ ಕೊಳವೆಗೆ ಗಾಳಿ ಹೊಕ್ಕಿದೆ, ಅದನ್ನು ಹೊರದಬ್ಬದೆ ಗೇರು ಬೀಳದು ಎಂಬುದು ಅವರ ವಾರದ ವರದಿ. ಡ್ರೈವರ್ ಸೀಟಿನಲ್ಲಿ ಹೆಂಡತಿ ಹೊನ್ನಕ್ಕ ಸೆರಗು ಸಿಕ್ಕಿಸಿ, ಸ್ಟೀರಿಂಗನ್ನು ಬೀಸುಕಲ್ಲಿನ ಗೂಟದಂತೆ ಹಿಡಿದು ಕೂತಿರುತ್ತಾರೆ. "ಪೆಡಲ್ ಒತ್ತು!" "ಒತ್ತೀನ್ರಿ!" "ಬಿಡಬ್ಯಾಡ!" ಉಚ್ಚೆಂಗಪ್ಪನವರು ನಟ್ಟು ಸಡಿಲಿಸಿದೊಡನೆ ರಬ್ಬರ್ ನಳಿಗೆಯಿಂದ ಕೆಳಗಿಟ್ಟ ಎಣ್ಣೆಯ ಸೀಸೆಯೊಳಗೆ ಗುಳುಗುಳು ಗುಳ್ಳೆ ಏಳುತ್ತವೆ. "ಬಂತು ನೋಡ್ರಪ್ಪಾ ಗಾಳಿ!" ಎಂಬ ಕೂಗು ದೂರದ ಆನಗೋಡಿನ ಊರವರೆಗೆ ಕೇಳುತ್ತದೆ. ನಟ್ಟು ಬಿಗಿದು "ಈಗ ಬಿಡು" ಎನ್ನುತ್ತಾರೆ, ಮತ್ತೆ ಮೊದಲಿನಿಂದ ಶುರು. ಮಿಲ್ಲಿನ ಸಾಹೇಬರೊಬ್ಬರಿಂದ ಕೊಂಡ ದಿನ ಯಾರೋ ಡ್ರೈವರ್ ತಂದು ನಿಲ್ಲಿಸಿದ ಆ ಕಾರು ಅಲ್ಲಿಂದ ಕದಲಿದ್ದೇ ಇಲ್ಲ. ಆದರೂ "ಮುಂದಿನ ವಾರ ಉಕ್ಕಡಗಾತ್ರಿ ಗುಡಿಗೆ ಎಲ್ರೂ ಬರ್ರಿ" ಎಂದು ಇಡೀ ಬೀದಿಗೆ ಅವರ ಆಹ್ವಾನ. ಮೊನ್ನೆ ಹರಿಹರದಲ್ಲಿ ಹೊನ್ನಕ್ಕನ ತಂಗಿಯ ಮಗುವಿಗೆ ತೊಟ್ಟಿಲು ಕಾರ್ಯವಿತ್ತು. ಕಾರಿನಲ್ಲೇ ಸವಾರಿ ಎಂದು ಕೇಳಿ ಬೀದಿಯೆಲ್ಲ ಬಂದು ನೆರೆಯಿತು. ಅಂದು ಹೊನ್ನಕ್ಕ ಎಷ್ಟು ಒತ್ತಿದರೂ ಸೀಸೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ, ಗಾಳಿಯೆಲ್ಲ ಹೋಗಿತ್ತು, ಇನ್ನು ಕಾರು ಹೊರಡಬಹುದಿತ್ತು. ಉಚ್ಚೆಂಗಪ್ಪನವರು ಮುಖ ಬಿಳಿಚಿಕೊಂಡು ಮೇಲೆದ್ದು, ಹೆಂಡತಿಯ ಕಿವಿಯ ಬಳಿ ಬಾಗಿ, "ಹೊನ್ನೀ, ಓಡ್ಸಾಕೆ ನಂಗೆ ಹೆದ್ರಿಕೆ ಆಗತೈತೆ" ಅಂದದ್ದು ಬಾನೆಟ್ಟಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ನನಗೂ ಕೇಳಿಸಿತು. ಹೊನ್ನಕ್ಕ ಗಂಡನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, ಗಾಳಿ ಹೋಗಿ ಕಲ್ಲಿನಂತೆ ಗಟ್ಟಿಯಾಗಿದ್ದ ಪೆಡಲನ್ನು ಒಮ್ಮೆ ತುಳಿದು, ಬೀದಿಗೆಲ್ಲ ಕೇಳುವಂತೆ, "ಅಯ್ಯೋ, ಇನ್ನೂ ಗಾಳಿ ಐತ್ರೀ!" ಎಂದು ಕೂಗಿ, ಕೆಳಗಿಳಿದು, ಗಂಡನ ಎಣ್ಣೆಗೈ ಹಿಡಿದು ಹರಿಹರದ ಬಸ್ಸಿಗೆ ಎಳೆದುಕೊಂಡು ಓಡಿದರು.