ಬ್ಯಾಂಜೋ ಮಾಡಿದವರ ಹೆಸರು

ನಿಮ್ಮ ಮನೆಯ ಸ್ಟೀಲು ಪಾತ್ರೆಗಳನ್ನು ಎಂದಾದರೂ ತಿರುವಿ ನೋಡಿದ್ದೀರಾ? ಮದುವೆಗೆ ಕೊಟ್ಟ ಅತ್ತೆಯ ಹೆಸರು, ಉಪನಯನಕ್ಕೆ ಕೊಟ್ಟ ಮಾವನ ಹೆಸರು ಇನಿಷಿಯಲ್ಲು ಸಮೇತ ಚುಕ್ಕಿಚುಕ್ಕಿಯಾಗಿ ಕೆತ್ತಿರುತ್ತದೆ; ಪಾತ್ರೆ ಮಾಡಿದ ಪುಣ್ಯಾತ್ಮನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ದಾನಿಗೆ ಅಮರತ್ವ, ಕರ್ತೃವಿಗೆ ಅಜ್ಞಾತವಾಸ! ಇದು ಅನ್ಯಾಯವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯೇ ಕಳೆದ ಬೇಸಿಗೆಯಲ್ಲಿ ನನ್ನನ್ನು ಯಲ್ಲಾಪುರದ ಬಸ್ಸು ಹತ್ತಿಸಿತು.

ಸಿದ್ದಾಪುರದ ನಮ್ಮ ಚಿಕ್ಕಪ್ಪ ಹರೆಯದಲ್ಲಿ ಭಜನೆಗೂ ನಾಟಕಕ್ಕೂ ನುಡಿಸುತ್ತಿದ್ದ ಬ್ಯಾಂಜೋ, ಅಂದರೆ ಟೈಪ್‌ರೈಟರಿನಂಥ ಗುಂಡಿಗಳಿರುವ ಹಳೆಯ ತಂತಿವಾದ್ಯ, ಈಗ ಸಿರ್ಸಿಯ ನನ್ನ ಮನೆಯಲ್ಲಿದೆ. ಗೆಳೆಯರು ಹಳೆಯ ವಾದ್ಯಗಳ ಪ್ರದರ್ಶನ ಏರ್ಪಡಿಸಿ, ಪ್ರತಿಯೊಂದರ ಪಕ್ಕದಲ್ಲೂ ಮಾಡಿದವರ ಹೆಸರಿನ ಚೀಟಿ ಇರಬೇಕೆಂದರು. ಸಂಶೋಧಕನಾಗುವ ಯೋಗ ಅನಾಯಾಸವಾಗಿ ಒದಗಿತೆಂದು ಹಿಗ್ಗಿ ಚಿಕ್ಕಪ್ಪನಿಗೆ ಫೋನು ಮಾಡಿದೆ. "ಅರಬೈಲ್ ಬದಿ ಆಚಾರಿ ಒಬ್ಬ ಮಾಡಿಕೊಟ್ಟಿದ್ದ. ನೀ ಅದ್ರ ತಂಟೆಗೆ ಹೋಗಡ ತಮಾ" ಎಂದವರೇ ಫೋನಿಟ್ಟರು.

ಯಾಕೆಂದು ತಿಳಿದದ್ದು, ಕಿಟಕಿ ರಿಪೇರಿಗೆ ಬಂದ ಬಡಗಿ ಮಂಜು ಬ್ಯಾಂಜೋದ ಅಡಿಯನ್ನು ಉಗುರಿನಿಂದ ಕೆರೆದಾಗ. "ಅಯ್ಯೋ, ಪೂರಾ ಬೀಟೆ ಮರ ಮಾರಾಯ್ರೆ! ಫಾರೆಸ್ಟಿನ ಪಾಸು ಇದ್ಯಾ?" ಬೀಟೆಯೆಂದರೆ ನಮ್ಮ ಸೀಮೆಯಲ್ಲಿ ಮರವಲ್ಲ, ಮೊಕದ್ದಮೆ. ಸ್ವಂತ ಹಿತ್ತಲಲ್ಲಿ ಹುಟ್ಟಿದ್ದಕ್ಕೂ ಅಪ್ಪಣೆಯಿಲ್ಲದೆ ಕೊಡಲಿ ತಾಗಿಸುವಂತಿಲ್ಲ.

ನಾನೋ ಹುಟ್ಟಾ ಪುಕ್ಕಲ. ಮೂವತ್ತು ವರ್ಷ ಮೇಷ್ಟ್ರಾಗಿದ್ದೂ ಹುಡುಗರಿಗೇ ಹೆದರಿದವನು. ಆದರೂ ಸಂಶೋಧನೆಯ ಚಪಲ ಕೇಳಬೇಕಲ್ಲ! ಬ್ಯಾಂಜೋವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಗಂಟು ಕಟ್ಟಿ, ಬಸ್ಸಿನ ಧೂಳು ಕಾಣದಿರಲೆಂದು ಖಾಕಿ ಪ್ಯಾಂಟು ತೊಟ್ಟು, ಬರೆದುಕೊಳ್ಳಲೊಂದು ಫೈಲು ಹಿಡಿದು ಹೊರಟೆ. ಫಾರೆಸ್ಟ್ ಗೇಟಿನಲ್ಲಿ ಗಾರ್ಡು ಬಸ್ಸು ಹತ್ತಿದ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡೇನೆಂದು ಎರಡೂ ಕೈಗಳಿಂದ ಗಂಟನ್ನು ಅವುಚಿಕೊಂಡೆ. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸಣ್ಣದೊಂದು ಸಲಾಮು ಹೊಡೆದು ಇಳಿದುಹೋದ. ಏಕೆಂದು ಆಗ ಹೊಳೆಯಲಿಲ್ಲ.

ಅರಬೈಲಿನ ಚಹದಂಗಡಿಯಲ್ಲಿ, ಬೀಟೆಯಲ್ಲಿ ಬ್ಯಾಂಜೋ ಮಾಡಿದ್ದ ಆಚಾರಿ ಯಾರೆಂದು ಕೇಳಿದೆ. ಒಬ್ಬರಿಗೆ ನೆನಪಿಲ್ಲ, ಒಬ್ಬರಿಗೆ ಕಿವಿ ಕೇಳಿಸದು, ಇನ್ನೊಬ್ಬರು ಅರ್ಧ ಚಹ ಬಿಟ್ಟು ಎದ್ದೇ ಹೋದರು. ಕೊನೆಗೆ ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳನ್ನು, ಮರದ ಮಾತೆತ್ತದೆ, ಹಳೆಯ ಆಚಾರಿಯ ಮನೆ ಯಾವುದೆಂದಷ್ಟೇ ಕೇಳಿ ಅಲ್ಲಿಗೆ ಮುಟ್ಟಿದೆ.

ಜಗಲಿಯಲ್ಲಿ ಕುಳಿತಿದ್ದ, ಎಂಬತ್ತು ದಾಟಿದ ಅಜ್ಜ ನನ್ನನ್ನು ಕಂಡದ್ದೇ ಗೋಡೆ ಹಿಡಿದು ಎದ್ದು ನಿಂತರು. ನಾನು ಗಂಟು ಪಕ್ಕಕ್ಕಿಟ್ಟು, ಘನಗಾಂಭೀರ್ಯದಿಂದ ಫೈಲು ತೆರೆದು, "ಬೀಟೆಯ ಬ್ಯಾಂಜೋ ಮಾಡಿದ್ದು ನೀವೇ ಅಂತೆ. ಹೆಸರು ಹೇಳಿ, ಬರ್ಕೊಳ್ತೇನೆ" ಎಂದೆ.

"ನಾ ಮಾಡ್ಲಿಲ್ಲ ಸಾಯ್ಬ್ರೆ. ದೇವ್ರಾಣೆ ಮಾಡ್ಲಿಲ್ಲ." ಮುಗಿದ ಕೈಗಳು ನಡುಗುತ್ತಿದ್ದವು. ಒಳಗಿನಿಂದ ಸೊಸೆ ಓಡಿಬಂದಳು. "ಹಿಂದೆ ಒಂದ್ ಸಲ ತುಂಡು ಮರಕ್ಕೆ ಎರಡು ದಿನ ಒಳಗೆ ಕೂತು ಬಂದವ್ರು. ಈ ವಯಸ್ಸಲ್ಲಿ ಮತ್ತೆ ಕರ್ಕೊಂಡ್ ಹೋಗ್ಬೇಡಿ, ನಿಮ್ಮ ಕಾಲಿಗೆ ಬೀಳ್ತೆ" ಎಂದಳು. ಆಗ ನನಗೆ ನನ್ನ ಪ್ಯಾಂಟಿನ ಬಣ್ಣ ಕಂಡಿತು.

ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನನ್ನು ಕಂಡು ಹೆದರಿದ್ದರು. ಹೆದರಿಯೇ ಬದುಕಿದವನಿಗೆ, ಹೆದರಿಸುವುದರಲ್ಲಿ ಏನೋ ಸುಖವಿದ್ದೀತೆಂಬ ಗುಟ್ಟಾದ ಆಸೆ ಇರುತ್ತದೆ ನೋಡಿ, ನನಗೂ ಇತ್ತು. ಆದರೆ ಆದದ್ದು ನಾಚಿಕೆ, ಅದರ ಬೆನ್ನಿಗೇ ಹೊಸದೊಂದು ಭಯ. ಈ ಮುದಿಜೀವ ಇಲ್ಲಿಯೇ ಕುಸಿದುಬಿಟ್ಟರೆ ಏನು ಗತಿ? "ನಾನು ಮೇಷ್ಟ್ರು ಅಜ್ಜಾ, ಬರೀ ಮೇಷ್ಟ್ರು" ಎಂದು ಹತ್ತು ಸಲ ಹೇಳಿದೆ. ಸೊಸೆ ನಂಬಿದಳೆಂದು ಕಾಣುತ್ತದೆ, ನೀರು ಬೆಲ್ಲ ತಂದಿಟ್ಟಳು. ಅಜ್ಜ ಮಾತ್ರ ಕುಳಿತುಕೊಳ್ಳಲೇ ಇಲ್ಲ. ಹಾಳಾದ ಚೀಟಿ ಖಾಲಿಯೇ ಇರಲಿ ಎಂದುಕೊಂಡು ಗಂಟು ಎತ್ತಿ ಹೊರಟೆ.

ಅಂಗಳ ದಾಟುವಾಗ ಹಿಂದಿನಿಂದ ಮೆಲ್ಲಗೆ ಕೇಳಿಸಿತು: "ಅದ್ರ ಮೂರ್ನೇ ಗುಂಡಿ ಈಗ್ಲೂ ಕಚ್ಕೊಳ್ತದಾ?"

ನಾನು ಗಂಟು ಬಿಚ್ಚಿರಲೇ ಇಲ್ಲ.

"ಕಚ್ಕೊಳ್ತದೆ ಅಜ್ಜಾ" ಎಂದೆ. ಅವರು ರಸ್ತೆಯ ಎರಡೂ ಬದಿ ನೋಡಿ, ಒಳಗೆ ಕರೆದು, ಸೊಸೆಗೆ ಬಾಗಿಲು ಹಾಕಲು ಹೇಳಿ, ಎರಡೂ ಕೈ ಚಾಚಿದರು. "ಹೆದ್ರಿಕೆಲಿ ಗಡಿಬಿಡಿ ಮಾಡಿ ಕೊಟ್ಬಿಟ್ಟಿದ್ದೆ. ಆವತ್ತೇ ಸರಿ ಮಾಡ್ಬೇಕಿತ್ತು" ಎನ್ನುತ್ತ ಸಣ್ಣ ಚಾಕುವಿನಿಂದ ಗುಂಡಿಯ ಬದಿ ಕೆರೆದರು. ಕೆಲಸ ಹಿಡಿದ ಮೇಲೆ ಆ ಕೈ ನಡುಗಲಿಲ್ಲ.

ಪ್ರದರ್ಶನದ ಚೀಟಿಯಲ್ಲಿ 'ಮಾಡಿದವರು: ಗೊತ್ತಿಲ್ಲ' ಎಂದು ಬರೆದೆ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆಯಾ ಎಂದು ಗೆಳೆಯರು ನಕ್ಕರು. ನಗಲಿ ಬಿಡಿ. ಅಜ್ಜನ ಹೆಸರನ್ನು ನಿಮಗೂ ಹೇಳಲಾರೆ. ಊರು ಅರಬೈಲ್ ಎಂದೆನಲ್ಲ, ಅದೂ ಸುಳ್ಳು.