ಎಂಜಿನ್ನಿನ ಜೊತೆ ಅಮ್ಮನ ಸೈಕಲ್ಲು

ನನಗೆ ಮಾದರಿ ರೈಲಿನ ಹುಚ್ಚು. ಪುತ್ತೂರಿನ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ಅಂಗೈಯುದ್ದದ ಹೊಸ ಎಂಜಿನ್ ಬಂದರೆ ಅದನ್ನು ನೇರ ಹಳಿಗಿಳಿಸುವಂತಿಲ್ಲ. ಮೊದಲು ರೋಲರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಕ್ಕೂ ಹಿಂದಕ್ಕೂ ಸಾಕಷ್ಟು ಹೊತ್ತು ಓಡಿಸಿ ಒಳಗಿನ ಹಲ್ಲುಚಕ್ರಗಳನ್ನು ಪಳಗಿಸಬೇಕು. ಸ್ಟ್ಯಾಂಡಿನ ಪುಟ್ಟ ರೋಲರುಗಳ ಮೂಲಕವೇ ಗಾಲಿಗಳಿಗೆ ಕರೆಂಟು. ಗಾಲಿ ತಿರುಗುತ್ತದೆ, ಎಂಜಿನ್ ಇದ್ದಲ್ಲೇ ಇರುತ್ತದೆ.

“ಎಂತ ಮಾರಾಯ, ಇದು ಹೋಗುದು ಎಲ್ಲಿಗೆ?” ಅಮ್ಮ ಕೇಳಿದಳು.

“ಎಲ್ಲಿಗೂ ಇಲ್ಲ.”

“ಹಾಗಾದ್ರೆ ನನ್ನ ಸೈಕಲ್ಲಿನ ಹಾಗೆಯೇ.”

ಮಾತು ಸರಿಯಾಗಿತ್ತು, ಸಿಟ್ಟು ಬಂದದ್ದೇ ಅದಕ್ಕೆ. ಆಪರೇಶನ್ ಮಾಡಿ ಅಮ್ಮನ ಮೊಣಕಾಲ ಗಂಟು ಬದಲಿಸಿ ಹೆಚ್ಚು ದಿನ ಆಗಿರಲಿಲ್ಲ. ಕುರ್ಚಿಯಲ್ಲಿ ಕೂತು, ನೆಲದ ಮೇಲಿಟ್ಟ ವ್ಯಾಯಾಮದ ಸೈಕಲ್ಲಿನ ಪೆಡಲು ದಿನಾ ತುಳಿಯದಿದ್ದರೆ ಕಾಲು ಸೆಟೆದುಕೊಂಡುಬಿಡುತ್ತದೆ, ಮತ್ತೆ ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಅಮ್ಮ ಹೆದರಲಿಲ್ಲ. ಹೆದರಿದ್ದು ನಾನು.

“ನಿನ್ನ ಗಂಟೂ ಹೊಸತೇ ಅಲ್ವಾ? ಇದು ತಿರುಗುವಷ್ಟು ಹೊತ್ತು ನೀನೂ ತುಳಿ,” ಎಂದೆ.

“ಆಯ್ತು. ಅದು ನಿಂತರೆ ನಾನೂ ನಿಲ್ಲಿಸುದು. ಮತ್ತೆ ನೀನು ತಕರಾರು ಮಾಡ್ಲಿಕ್ಕಿಲ್ಲ.”

ಅಂದಿನಿಂದ ಸಂಜೆ ಕಾಫಿಯಾದ ಮೇಲೆ ಚಾವಡಿಯಲ್ಲಿ ಎರಡೂ ಚಾಲೂ. ಎಂಜಿನ್ ಎಂದೋ ಪಳಗಿತ್ತು. ಅದನ್ನು ಹೇಳಲು ನಾನೇನು ಮರುಳೇ? ಹಳಿಯ ಮುಖ ಕಾಣದೆ ಅದು ಅಲ್ಲೇ ಗರಗರ ಎನ್ನುತ್ತಿತ್ತು.

ಒಂದು ಸಂಜೆ ಅಮ್ಮ ತುಳಿಯಲು ಶುರುಮಾಡಿದಳು, ನಾನು ಸ್ವಿಚ್ಚು ಹಾಕಿದೆ. ಎಂಜಿನ್ ಒಮ್ಮೆ ಕೊಸರಿ ನಿಂತೇಬಿಟ್ಟಿತು. ಎತ್ತಿ ಮೂಸಿದೆ. ತೆಂಗಿನೆಣ್ಣೆ! ಗಾಲಿ, ರೋಲರು ಎಲ್ಲ ಜಿಡ್ಡೋ ಜಿಡ್ಡು. ಕರೆಂಟು ಹತ್ತುವುದಾದರೂ ಹೇಗೆ?

“ಅಯ್ಯೋ ದೇವರೇ, ಇದಕ್ಕೆ ಎಣ್ಣೆ ಹಾಕಿದ್ದು ಯಾರು?”

“ನಾನೇ. ಪಾಪ, ಗರಗರ ಹೇಳ್ತಾ ಇತ್ತು. ಗಂಟಿಗೆ ಹಚ್ಚಿ ಉಳಿದದ್ದು ಬಟ್ಟಲಲ್ಲಿ ಸ್ವಲ್ಪ ಇತ್ತು. ಈಶ್ವರಮಂಗಲದ ತಮ್ಮನ ತೋಟದ ಕೊಬ್ಬರಿದು, ಕಲಬೆರಕೆ ಇಲ್ಲ.”

“ಎಂಜಿನಿಗೆ ಕಲಬೆರಕೆಯ ಚಿಂತೆ ಉಂಟಾ!”

ಬಾಯಿಗೆ ಬಂದಂತೆ ಕೂಗಾಡಿದೆ. ಕೂಗಾಡುತ್ತಲೇ ಹತ್ತಿ ಹಿಡಿದು ಗಾಲಿ ಒರೆಸಲು ಕೂತೆ. ಎಂಜಿನ್ ಹಾಳಾದರೆ ಆಗಲಿ. ಅಮ್ಮ ಇನ್ನು ಪೆಡಲು ಬಿಟ್ಟು ಏಳುತ್ತಾಳೆ, ಎದ್ದರೆ ನಾಳೆ ಕೂರುವುದಿಲ್ಲ ಎಂಬ ಹೆದರಿಕೆಯೇ ದೊಡ್ಡದಾಗಿತ್ತು. ಆಡಿದ ಮಾತಿಗೆ ಅವಳು ತಪ್ಪಿದ್ದನ್ನು ನಾನು ಕಂಡವನಲ್ಲ.

ತಲೆಯೆತ್ತಿದೆ. ಅಮ್ಮನ ಕಾಲು ತಿರುಗುತ್ತಲೇ ಇತ್ತು.

“ಎಂತ ನೋಡುದು? ಬೇಗ ಸರಿ ಮಾಡು,” ಎಂದಳು ಏದುಸಿರಿನಲ್ಲಿ. “ಅದರ ಪಾಲಿನದ್ದೂ ನಾನೇ ತುಳೀತಾ ಇದ್ದೇನೆ.”