ಒಂದು ಚರಗಿ ನೀರಿನ ಪೇಶಿ

ಕ್ಷಮಿಸುವ ಗುಣ ನನ್ನಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದ್ದಿದ್ದರೆ ನಮ್ಮೂರಿನ ಗ್ರಾಮ ಲೆಕ್ಕಿಗರನ್ನು, ಅಂದರೆ ನಾವೆಲ್ಲ ತಲಾಟಿ ಸಾಹೇಬರು ಎನ್ನುತ್ತಿದ್ದವರನ್ನು, ಎಂದೋ ಮರೆತುಬಿಡುತ್ತಿದ್ದೆ. ಅವರು ನನ್ನ ಅಂಗವಿಕಲರ ಪಗಾರ ನಿಲ್ಲಿಸಿದರು. ಅದೂ ನಮ್ಮ ಮನೆಯ ನೀರು ಕುಡಿದು.

ಕಾಲುವೆ ತೋಡುವ ಕೆಲಸ ಶಹಾಪುರದ ಕಡೆ ಬಂದಾಗ ನಾನು ಗುತ್ತಿಗೆದಾರರೊಬ್ಬರ ಬಳಿ ಕೂಲಿಯವರ ಹಾಜರಿ ಬರೆಯುತ್ತಿದ್ದೆ. ಬಂಡೆ ಸಿಡಿಸಿದ ಒಂದು ಮಧ್ಯಾಹ್ನ ಕಲ್ಲೊಂದು ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿಕೊಂಡು ಬಂದು ಬಲಗಾಲಿನ ಮೊಳಕಾಲಿಗೆ ಬಡಿಯಿತು. ಮುಂದೆ ಕಾಲುವೆಗೆ ನೀರು ಬಂತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಶಿರವಾಳದ ದಾರಿಯಲ್ಲಿ ಟ್ರ್ಯಾಕ್ಟರುಗಳು ಓಡಾಡಿದವು. ನನ್ನ ಮೊಳಕಾಲು ಮಾತ್ರ ಮಡಚುವುದನ್ನು ಬಿಟ್ಟುಬಿಟ್ಟಿತು. ಕೋಲಿಲ್ಲದೆ ನಾಲ್ಕು ಹೆಜ್ಜೆ ಹಾಕಬಲ್ಲೆ. ಐದನೆಯದಕ್ಕೆ ಗೋಡೆ ಬೇಕು. ಇದನ್ನು ದವಾಖಾನೆಯ ಡಾಕ್ಟರರು ಕಾಗದದ ಮೇಲೆ ಒಪ್ಪಿಕೊಂಡ ಮೇಲೆ ಸರಕಾರವೂ ಒಪ್ಪಿಕೊಂಡು ತಿಂಗಳ ಪಗಾರ ಕೊಡತೊಡಗಿತು. ದೊಡ್ಡ ಮೊತ್ತವೇನಲ್ಲ. ಆದರೆ ಮೊಳಕಾಲಿನ ಎಣ್ಣೆಗೂ ನನ್ನ ತಂಬಾಕಿಗೂ ಹೆಂಡತಿಯ ಮುಂದೆ ಕೈಯೊಡ್ಡದೆ ಬದುಕುವಷ್ಟು ಸ್ವಾತಂತ್ರ್ಯ ಅದರಲ್ಲಿತ್ತು. ಗಂಡಸಿಗೆ ಅದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯ ಯಾವ ಸರಕಾರವೂ ಕೊಟ್ಟದ್ದನ್ನು ನಾನು ಕೇಳಿಲ್ಲ.

ಹೀಗಿರಲು ಪಗಾರದವರನ್ನೆಲ್ಲ ಮತ್ತೆ ತಪಾಸಣೆ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಬೇಸಿಗೆಯ ಒಂದು ಬೆಳಿಗ್ಗೆ ತಲಾಟಿ ಸಾಹೇಬರು ನಮ್ಮ ಕಟ್ಟೆಗೆ ಬಂದರು. ನಮ್ಮ ಮನೆತನದಲ್ಲಿ ಒಂದು ರೀತಿ ಇದೆ. ಬಾಗಿಲಿಗೆ ಬಂದವರ ಮುಂದೆ ಕೋಲು ಹಿಡಿದು ನಿಲ್ಲಬಾರದು. ಹೊಡೆಯಲು ನಿಂತ ಹಾಗೆ ಕಾಣುತ್ತದೆ. ಬಂದವರು ಕುಳಿತುಕೊಳ್ಳುವ ತನಕ ಮನೆಯ ಯಜಮಾನ ಕುಳಿತಿರಬಾರದು. ಮೊದಲ ಚರಗಿ ನೀರನ್ನು ಯಜಮಾನನೇ ಕೊಡಬೇಕು, ಹೆಂಗಸರ ಕೈಯಲ್ಲಿ ಕಳಿಸಬಾರದು. ನಾನು ಕೋಲನ್ನು ಬಾಗಿಲ ಹಿಂದೆ ಒರಗಿಸಿದೆ, ಬೆನ್ನ ಹಿಂದಿನ ಕಂಬವನ್ನು ಅವರಿಗೆ ಕಾಣದ ಹಾಗೆ ಹಿಡಿದು ಎದ್ದು ನಿಂತೆ, ಪಕ್ಕದ ಹರವಿಯಿಂದ ನೀರು ತುಂಬಿ ನಾಲ್ಕು ಹೆಜ್ಜೆ ನಡೆದು ಕೊಟ್ಟೆ. ಹಲ್ಲು ಕಚ್ಚಿಕೊಂಡಿದ್ದೆ, ಆದರೆ ಮುಖದಲ್ಲಿ ನಗು ಇಟ್ಟುಕೊಂಡಿದ್ದೆ. ಅವರು ಗಟಗಟ ಕುಡಿದು, ನೀರು ತಂಪಾಗಿದೆ ಎಂದು ಹೊಗಳಿ, ಏನೋ ಬರೆದುಕೊಂಡು ಹೋದರು.

ಪಗಾರ ಬರುವುದು ನಿಂತಿತು. ವಿಚಾರಿಸಿದಾಗ ಅವರ ವರದಿಯ ನಕಲು ಸಿಕ್ಕಿತು. ‘ಸದರಿಯವರು ಯಾವುದೇ ಆಸರೆಯಿಲ್ಲದೆ ಎದ್ದು ನಿಲ್ಲುತ್ತಾರೆ, ಅತಿಥಿಗಳಿಗೆ ಖುದ್ದು ನೀರು ತಂದು ಕೊಡುತ್ತಾರೆ, ಆರೋಗ್ಯವಾಗಿ ನಗುತ್ತಾರೆ’ ಎಂದಿತ್ತು. ಅವರ ಕಣ್ಣಿಗೆ ಕಂಡ ಮಟ್ಟಿಗೆ ಒಂದೇ ಒಂದು ಸುಳ್ಳು ಅದರಲ್ಲಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಸುಳ್ಳು ಬರೆದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆ ಮನುಷ್ಯ ನನ್ನ ಮರ್ಯಾದೆಯನ್ನೇ ನನ್ನ ವಿರುದ್ಧ ಸಾಕ್ಷಿ ಮಾಡಿದ್ದ.

ಯಾದಗಿರಿಯ ದೊಡ್ಡ ಸಾಹೇಬರಿಗೆ ಮೇಲ್ಮನವಿ ಹಾಕಿದೆ. ಪೇಶಿಯ, ಅಂದರೆ ವಿಚಾರಣೆಯ, ತಾರೀಖು ಬರುವವರೆಗೆ ಸುಮ್ಮನೆ ಕುಳಿತಿರಬಹುದಿತ್ತು. ನನ್ನ ಹೆಂಡತಿ ಕುಳಿತಿರುವವಳಲ್ಲ. ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಹೊಲದ ಬದುವಿನಲ್ಲಿ ಅವಳು ಒಂದೇ ಸುದ್ದಿ ಹೇಳಿದಳು: ತಲಾಟಿಗೆ ನೀರು ಕೊಟ್ಟರೆ ಪಗಾರ ನಿಲ್ಲುತ್ತದೆ. ಊರಲ್ಲಿ ವಿಧವೆಯರ ಪಗಾರದವರಿದ್ದರು, ಮುಪ್ಪಿನ ಪಗಾರದವರಿದ್ದರು, ಏನೂ ಇಲ್ಲದೆ ಮುಂದೊಂದು ದಿನ ಸಿಗಬಹುದೆಂದು ಕಾದವರು ಎಲ್ಲರಿಗಿಂತ ಹೆಚ್ಚಿದ್ದರು. ಮುಂದಿನ ಸಲ ತಲಾಟಿ ಸಾಹೇಬರು ಕಂದಾಯಕ್ಕೆಂದು ಬಂದಾಗ ಇಡೀ ಓಣಿ ಕುಂಟಾಗಿತ್ತು. ಯಾರೂ ಏಳಲಿಲ್ಲ. ಹಿಂದಿನ ದಿನ ಗದ್ದೆಯಲ್ಲಿ ನಾಟಿ ಮಾಡಿದ್ದ ಹೆಂಗಸರು ಸೊಂಟ ಹಿಡಿದು ನರಳಿದರು. ಸಾಹೇಬರು ಕೊನೆಗೆ ಬಾಯಿಬಿಟ್ಟು ನೀರು ಕೇಳಿದಾಗ ನಮ್ಮ ಎದುರು ಮನೆಯ ಮುದುಕಿ ಕುಳಿತಲ್ಲಿಂದಲೇ ಹೇಳಿದಳು:

“ಹರವಿ ಅಲ್ಲೇ ಅದ ನೋಡ್ರಿ ಸಾಹೇಬ್ರ. ತುಂಬಿಕೊಂಡು ಕುಡೀರಿ. ನಾವು ಎದ್ದೇವಂದ್ರ ನೀವು ಬರಕೋತೀರಿ.”

ಅವರು ಕುಡಿಯದೆ ಹೋದರು. ಆ ದಿನ ನನಗೆ ಮೊಳಕಾಲು ನೋಯಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಪೇಶಿಯಲ್ಲಿ ಮಾತ್ರ ಹೇಳುವ ಹಾಗಿರಲಿಲ್ಲ.

ತಾರೀಖು ಬಂದಾಗ ಸುರಪುರದಿಂದ ನನ್ನ ಹೆಂಡತಿಯ ತಮ್ಮ ಬಂದ. ಅವನು ಅಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತ. ವಕೀಲರಿಗಿಂತ ಗಂಭೀರವಾಗಿ ಕೆಮ್ಮುತ್ತಿದ್ದ. ಅವನ ಸಲಹೆ ಮೂರೇ ಮಾತಿನದು: ಕೋಲು ಬಿಡಬಾರದು, ಏಳಬಾರದು, ನಗಬಾರದು. ಇದನ್ನು ರೂಢಿ ಮಾಡಿಸಲು ಅವನೇ ದೊಡ್ಡ ಸಾಹೇಬನಾಗಿ ಹೊರಗಿನಿಂದ ಒಳಗೆ ಬರುತ್ತಿದ್ದ. ಅವನು ಹೊಸ್ತಿಲು ದಾಟಿದ ಕೂಡಲೇ ನಾನು ಕೋಲು ಬದಿಗಿಟ್ಟು ಎದ್ದು ನಿಲ್ಲುತ್ತಿದ್ದೆ. ಮತ್ತೆ ಹೊರಗೆ ಹೋಗಿ ಬರುತ್ತಿದ್ದ, ಮತ್ತೆ ಏಳುತ್ತಿದ್ದೆ. ಹೆಂಡತಿಯ ತಮ್ಮನಿಗೆ ಎದ್ದು ನಿಲ್ಲುವ ಗಂಡನನ್ನು ನೋಡಿ ನನ್ನ ಹೆಂಡತಿಗೆ ಎಲ್ಲಿಲ್ಲದ ಸಂತೋಷ.

“ಮಾವ, ನಾ ಸಾಹೇಬ ಅಲ್ಲ, ನಿಮ್ಮ ವೈರಿ ಅಂತ ತಿಳ್ಕೋರಿ,” ಎಂದ ಅವನು, ಬೇಸತ್ತು.

“ವೈರಿ ಬಂದ್ರೂ ಏಳಬೇಕಲ್ಲೋ. ಕುಂತು ಜಗಳ ಮಾಡಾಕ ಬರತೈತೇನು?”

ಉಡುಪಿನ ವಿಷಯದಲ್ಲಿ ಅಕ್ಕತಮ್ಮಂದಿರಲ್ಲೇ ಯುದ್ಧವಾಯಿತು. ಗಡ್ಡ ಬಿಟ್ಟು, ಮಾಸಿದ ಅಂಗಿ ತೊಟ್ಟು ಹೋಗಬೇಕು, ಕರುಣೆ ಹುಟ್ಟಬೇಕು ಎಂದು ಅವನು. ತನ್ನ ಗಂಡ ಯಾದಗಿರಿಗೆ ಭಿಕ್ಷುಕನ ಹಾಗೆ ಹೋದರೆ ತಾನು ಓಣಿಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಅವಳು. ನಾನು ಹೆಂಡತಿಯ ಪಕ್ಷ ಸೇರಿದೆ. ನನಗೆ ಕರುಣೆ ಬೇಕಾಗಿರಲಿಲ್ಲ. ತಲಾಟಿಯ ಮುಖ ಕಪ್ಪಿಡುವುದನ್ನು ನೋಡಬೇಕಾಗಿತ್ತು, ಅದನ್ನು ನೋಡಲು ನೀಲಿ ಹಾಕಿ ಒಗೆದ ಧೋತರವೇ ಸರಿಯಾದ ಉಡುಪು.

ವರದಿ ಬರೆದವರನ್ನು ಪ್ರಶ್ನೆ ಕೇಳುವ ಹಕ್ಕು ನನಗಿದೆ ಎಂದು ಗುಮಾಸ್ತ ಹೇಳಿದ್ದೇ ತಡ, ನಾನು ಊಟದ ರುಚಿ ಮರೆತೆ. ದಿನವೆಲ್ಲ ಪ್ರಶ್ನೆ ಹೊಸೆದೆ. ತಾವು ಕುಡಿದ ನೀರಿಗೂ ನನ್ನ ಮೊಳಕಾಲಿಗೂ ಏನು ಸಂಬಂಧ? ತಾವು ಡಾಕ್ಟರಿಕೆ ಎಲ್ಲಿ ಓದಿದಿರಿ? ನಾನು ನಕ್ಕದ್ದು ಮೊಳಕಾಲಿನಿಂದಲೋ ಬಾಯಿಂದಲೋ? ಪ್ರತಿ ಪ್ರಶ್ನೆಗೂ ಅವರು ತಡವರಿಸುವುದನ್ನು, ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುವುದನ್ನು ಕಣ್ಣ ಮುಂದೆ ತಂದುಕೊಂಡು ಮೆಲ್ಲುತ್ತಿದ್ದೆ. ಪಗಾರ ಬರದಿದ್ದರೂ ಚಿಂತೆಯಿಲ್ಲ, ಪ್ರಶ್ನೆ ಕೇಳಿದರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದೆ. ಹೆಂಡತಿಗೆ ಇದರ ವಾಸನೆ ಹೇಗೋ ಬಡಿಯಿತು. ಎಣ್ಣೆಯ ಬಾಟಲಿ ತಂದು ಎದುರಿಗಿಟ್ಟಳು. ಖಾಲಿಯಾಗಿತ್ತು.

“ಸೇಡು ಆಮ್ಯಾಲ ತೀರಿಸ್ಕೋರಿ. ಮೊದಲ ಪಗಾರ ತಗೊಂಬರ್ರಿ,” ಎಂದಳು.

ಪೇಶಿಯ ದಿನ ಯಾದಗಿರಿಯ ಕಚೇರಿಯಲ್ಲಿ ನನ್ನನ್ನೂ ತಲಾಟಿಯನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ನಾವಿಬ್ಬರೂ ಎದುರಿನ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆವು. ಕೋಲು ಕೈಯಲ್ಲಿ ಭದ್ರವಾಗಿತ್ತು. ಅಷ್ಟರಲ್ಲಿ ದೊಡ್ಡ ಸಾಹೇಬರು ಒಳಗೆ ಬಂದರು, ಕೋಣೆಯಲ್ಲಿದ್ದವರೆಲ್ಲ ಎದ್ದರು. ಗುಮಾಸ್ತನ ಇಡೀ ವಿದ್ಯೆ ಅಲ್ಲಿಗೆ ಮುಗಿಯಿತು. ನನ್ನ ಕೈ ತಾನಾಗಿ ಕೋಲನ್ನು ಬೆಂಚಿಗೆ ಒರಗಿಸಿತು, ನಾನು ತಾನಾಗಿ ಎದ್ದೆ, ನಗು ತಾನಾಗಿ ಬಂತು. ಆದರೆ ಅಲ್ಲಿ ಕಂಬವಿರಲಿಲ್ಲ. ಬಸ್ಸಿನಲ್ಲಿ ನಿಂತು ಬಂದಿದ್ದ ಕಾಲು ಕುಸಿಯಿತು. ಬೀಳುವ ಮನುಷ್ಯ ಸಿಕ್ಕಿದ್ದನ್ನು ಹಿಡಿಯುತ್ತಾನೆ. ನನ್ನ ಕೈಗೆ ತಲಾಟಿ ಸಾಹೇಬರ ಕೊರಳಪಟ್ಟಿ ಸಿಕ್ಕಿತು.

ಸಾವರಿಸಿಕೊಂಡ ಮೇಲೆ ಬಿಡಬಹುದಿತ್ತು. ಬಿಡಲಿಲ್ಲ. ಎಷ್ಟು ಭಾರ ಇತ್ತೋ ಅಷ್ಟನ್ನೂ ಅವರ ಮೇಲೆ ಹಾಕಿ ನಿಂತೆ. ಅವರ ಅಂಗಿಯ ಮೇಲಿನ ಗುಂಡಿ ಕಿತ್ತುಬಂದು ನೆಲದ ಮೇಲೆ ಉರುಳಿತು.

ದೊಡ್ಡ ಸಾಹೇಬರು ಕಡತ ತೆರೆದು ವರದಿ ಓದಿದರು, ಡಾಕ್ಟರರ ಕಾಗದ ಓದಿದರು, ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು.

“ಆಸರಿ ಇಲ್ಲದ ನಿಂದರತಾರ ಅಂತ ಬರದೀರಲ್ರಿ, ಇವರೇ ಏನು?”

“ಹೌದ್ರಿ ಸಾಹೇಬ್ರ,” ಎಂದರು ತಲಾಟಿ, ಬಿಗಿದ ಕೊರಳಲ್ಲಿ.

“ಕುಂದರಿಸ್ರಿ ಅವರನ್ನ. ಸಾವಕಾಶ.”

ತಲಾಟಿ ನನ್ನನ್ನು ಎರಡೂ ಕೈಯಿಂದ ಹಿಡಿದು ಕೂರಿಸಿದರು. ಅಷ್ಟಕ್ಕೇ ಪೇಶಿ ಮುಗಿಯಿತು. ನನ್ನ ಪ್ರಶ್ನೆಗಳಲ್ಲಿ ಒಂದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಗೆದ್ದು ಹೊರಗೆ ಬಂದವನ ಮುಖ ಸೋತವನ ಮುಖದ ಹಾಗಿತ್ತೆಂದು ಗುಮಾಸ್ತ ಇಂದಿಗೂ ಹೇಳುತ್ತಾನೆ. ಹೊಸೆದ ಪ್ರಶ್ನೆಗಳು ಬಾಯಲ್ಲೇ ಉಳಿದರೆ ಎಷ್ಟು ಕಹಿ ಎಂದು ಗುಮಾಸ್ತರಿಗೆ ತಿಳಿಯುವುದಿಲ್ಲ.

ದೇವರು ದೊಡ್ಡವನು, ಕಚೇರಿಯ ಕಾನೂನು ಅವನಿಗಿಂತ ದೊಡ್ಡದು. ಪಗಾರ ಮತ್ತೆ ಕೊಡಬೇಕೆಂಬ ಆದೇಶವನ್ನು ಮನೆಗೆ ತಂದು ಮುಟ್ಟಿಸಿ ಸಹಿ ಪಡೆಯುವ ಕೆಲಸ ತಲಾಟಿಯದೇ ಆಗಿತ್ತು. ಒಂದು ಸಂಜೆ, ಗದ್ದೆಯಿಂದ ಜನ ಹಿಂತಿರುಗಿ ಓಣಿ ತುಂಬಿರುವ ಹೊತ್ತಿಗೆ, ಅವರು ಕಾಗದ ಹಿಡಿದು ಬಂದರು. ಸಹಿ ಮಾಡಿಸಿಕೊಂಡು ಹೊರಡುವ ಅವಸರದಲ್ಲಿದ್ದರು.

“ಚಾಳೀಸ ಸಿಗವಲ್ದ್ರಿ,” ಎಂದೆ. ಕನ್ನಡಕ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಅದು ಅವರಿಗೂ ಕಾಣುತ್ತಿತ್ತು. “ಓದದ ಹ್ಯಾಂಗ ಸಹಿ ಮಾಡ್ಲಿ? ನೀವಾ ಓದ್ರಿ.”

ಅವರು ಓದಿದರು. ‘ಗ್ರಾಮ ಲೆಕ್ಕಿಗರ ವರದಿಯು ವಾಸ್ತವಾಂಶಕ್ಕೆ ದೂರವಾಗಿರುವುದರಿಂದ’ ಎಂಬಲ್ಲಿಗೆ ಬಂದಾಗ ಅವರ ದನಿ ತಗ್ಗಿತು. ಓಣಿಯ ಜನ ಹತ್ತಿರ ಬಂದರು. ಆಗ ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು:

“ಒಲಿ ಮುಂದ ಇದ್ದೆ, ಕೇಳಸಲಿಲ್ರಿ. ಮೊದಲಿಂದ ಓದ್ರಿ, ಸಾಹೇಬ್ರ.”

ಅವರು ನನ್ನ ಕಡೆ ನೋಡಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಕಾದು ಕುಳಿತೆ.